ಅರಿಶಿನ: ಅಭಿಮಾನವೂ ಪರೀಕ್ಷೆಯೂ

ತರಕಾರಿ ಹೆಚ್ಚುವಾಗ ಬೆರಳು ಕೊಯ್ದರೆ ಅಜ್ಜಿಯ ಕೈ ಒಗ್ಗರಣೆ ಡಬ್ಬಿಯತ್ತ ಹೋಗುವುದು. ಒಂದು ಚಿಟಿಕೆ ಅರಿಶಿನವನ್ನು ಗಾಯಕ್ಕೊತ್ತಿ, "ಇನ್ನು ಕೀವಾಗದು" ಎಂದು ಸಮಾಧಾನ ಹೇಳುವಳು. ಇದನ್ನು ಮೌಢ್ಯವೆಂದು ಹಳಿಯುವವರುಂಟು; ಸರ್ವರೋಗಕ್ಕೂ ಅರಿಶಿನವೇ ಮದ್ದೆಂದು ಸಾರುವವರೂ ಉಂಟು. ಪರೀಕ್ಷಿಸದೆ ತೀರ್ಪು ಕೊಡುವ ದೋಷ ಇಬ್ಬರಲ್ಲಿಯೂ ಇದೆಯೆಂಬುದು ನನ್ನ ಅಭಿಪ್ರಾಯ.

ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯವು ಪ್ರಯೋಗಶಾಲೆಯಲ್ಲಿ ಕೆಲವು ರೋಗಾಣುಗಳ ಬೆಳವಣಿಗೆಯನ್ನು ತಡೆಯುವುದೆಂಬ ಸಂಗತಿ 1949ರಲ್ಲಿಯೇ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆದುದರಿಂದ ಅಜ್ಜಿಯ ಮಾತು ಬರಿಯ ಕಲ್ಪನೆಯಲ್ಲ. ಆದರೆ ಪ್ರಯೋಗಶಾಲೆಯ ಗಾಜಿನ ತಟ್ಟೆ ಬೇರೆ, ಮನುಷ್ಯನ ದೇಹ ಬೇರೆ. ಕರ್ಕ್ಯುಮಿನ್ ನೀರಿನಲ್ಲಿ ಸುಲಭವಾಗಿ ಕರಗದು. ನುಂಗಿದುದರಲ್ಲಿ ರಕ್ತವನ್ನು ಸೇರುವ ಭಾಗವೂ ಅತ್ಯಲ್ಪ. ತಟ್ಟೆಯಲ್ಲಿ ಕಂಡ ಗುಣವು ಅರಿಶಿನದ ಹಾಲು ಕುಡಿದವನ ಮೈಯಲ್ಲಿಯೂ ಹಾಗೆಯೇ ಕೆಲಸಮಾಡುವುದೆಂದು ಹೇಳಲಾಗದು.

ಮೊಳೆ ಆಳವಾಗಿ ಚುಚ್ಚಿದ ಗಾಯಕ್ಕೆ ಅರಿಶಿನ ಮೆತ್ತಿ ಸುಮ್ಮನಿರುವುದಂತೂ ಅಪಾಯಕರ. ಧನುರ್ವಾಯುವಿನ ರೋಗಾಣು ಗಾಳಿಯಾಡದ ಆಳದಲ್ಲಿ ಬೆಳೆಯುವಂಥದು. ಅಲ್ಲಿ ಗಾಯವನ್ನು ತೊಳೆದು ವೈದ್ಯರ ಬಳಿಗೆ ಹೋಗಬೇಕು, ಲಸಿಕೆಯೇ ರಕ್ಷೆ.

ಹಾಗಾದರೆ ಹಿರಿಯರ ತಿಳಿವಳಿಕೆಗೆ ಬೆಲೆಯಿಲ್ಲವೇ? ಉಂಟು, ಆದರೆ ಆ ಬೆಲೆ ದೊರೆಯುವುದು ಆಧಾರದಿಂದ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕಾಗಿ ಪೇಟೆಂಟ್ ಎಂಬ ಏಕಸ್ವಾಮ್ಯದ ಹಕ್ಕು ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಅದನ್ನು ಪ್ರಶ್ನಿಸಿತು. ಇದು ಹೊಸದಲ್ಲವೆಂದು ತೋರಿಸಲು ಹಳೆಯ ಗ್ರಂಥಗಳನ್ನೂ, 1953ರಲ್ಲಿ ಭಾರತೀಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಆ ಹಕ್ಕು ರದ್ದಾಯಿತು. ಕೋಟಿ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಮಾತನ್ನು ಕೊನೆಗೆ ಉಳಿಸಿದುದು ಯಾರೋ ಬರೆದಿಟ್ಟ ಅಕ್ಷರ.

ವಿದ್ಯಾರ್ಥಿ ಬಂಧುಗಳೇ, ಊರಿನಿಂದ ಈ ಮಹಾನಗರಕ್ಕೆ ಬಂದ ನಮ್ಮ ಅಜ್ಜಿಯರಲ್ಲಿ ಇಂಥ ಮದ್ದುಗಳ ಹೆಸರು, ಪ್ರಮಾಣ, ಬಳಸುವ ರೀತಿ ಇನ್ನೂ ಉಳಿದಿವೆ. ಅವೆಲ್ಲವೂ ಕನ್ನಡದಲ್ಲಿಯೇ ಇವೆ. ಈ ರಜೆಯಲ್ಲಿ ಅವರನ್ನು ಕೇಳಿ ಒಂದು ವಹಿಯಲ್ಲಿ ಬರೆದಿಡಿರಿ. ಪ್ರತಿಯೊಂದರ ಎದುರಿಗೂ ಸ್ವಲ್ಪ ಜಾಗ ಬಿಡಿರಿ. ಮುಂದೆ ವಿಜ್ಞಾನ ಕಲಿತು, ಯಾವುದು ನಿಜ, ಯಾವುದು ಅಲ್ಲವೆಂಬುದನ್ನು ಅಲ್ಲಿ ನೀವೇ ತುಂಬಬೇಕು. ಅಜ್ಜಿಗೆ ಸಲ್ಲಿಸಬಹುದಾದ ಗೌರವ ಇದಕ್ಕಿಂತ ಹಿರಿದಿಲ್ಲ.