ಕೊಂಬಿನ ಲೆಕ್ಕ, ಬಣವೆಯ ಲೆಕ್ಕ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಚಳಿ ಶುರುವಾಗುತ್ತಿದ್ದಂತೆ ಬೇಟೆಗಾರರ ನಡುವೆ ಪ್ರತಿವರ್ಷ ಒಂದೇ ಪ್ರಶ್ನೆ ಏಳುತ್ತದೆ: ಬೇಟೆಯ ಋತುವಿನ ಕೊನೆಯಲ್ಲಿ ಸಿಗುವ ಎಲ್ಕ್ ಟ್ಯಾಗಿಗೆ ದುಡ್ಡು ಹಾಕಬಹುದೇ? ಉತ್ತರಗಳೂ ಒಂದೇ ಅಚ್ಚಿನವು. ಹೋದ ವರ್ಷ ಎಷ್ಟು ಜನರಿಗೆ ಪ್ರಾಣಿ ಸಿಕ್ಕಿತು, ಹಿಮ ಎಷ್ಟು ಬಿದ್ದಿತ್ತು, ಒಳ್ಳೆಯ ಕೊಂಬಿನ ಗಂಡುಗಳು ಅಷ್ಟರಲ್ಲಿ ಮುಗಿದಿರುತ್ತವೆಯೇ, ಪೆಟ್ರೋಲಿಗೆಷ್ಟು, ಮೋಟೆಲ್ಲಿಗೆಷ್ಟು. ಎಲ್ಲ ಕೂಡಿ ಕಳೆದು ಕೊನೆಗೊಂದು ತೀರ್ಪು: ಬೇರೇನೂ ಸಿಗದಿದ್ದರೆ ತಗೊಳ್ಳಿ.

ಈ ತೀರ್ಪು ತಲೆಕೆಳಗಾಗಿದೆ ಎಂಬುದು ನನ್ನ ವಾದ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸಮರ್ಥನೀಯವಾದ ಟ್ಯಾಗು ಚಳಿಗಾಲದ ಹೆಣ್ಣು ಎಲ್ಕಿನದು. ಅದನ್ನು ಮಿಕ್ಕಿದ್ದು ಎಂಬಂತೆ ಕೊಳ್ಳುವುದು ತಪ್ಪು. ಚಳಿಗಾಲದಲ್ಲಿ ಕೊಂಬಿಗಾಗಿ ಗಂಡು ಎಲ್ಕಿನ ಹಿಂದೆ ಹೋಗುವುದು ಇನ್ನೂ ದೊಡ್ಡ ತಪ್ಪು.

ನಾನು ಬಂದೂಕು ಹಿಡಿದವಳಲ್ಲ. ಪುಣೆಯ ಬಾಡಿಗೆ ಮನೆಯಲ್ಲಿ ಕೂತು ಅನುವಾದ ಮಾಡಿ ಬದುಕುವವಳು. ಎರಡು ವರ್ಷಗಳಿಂದ ಬೇಟೆಯ ಸಾಕ್ಷ್ಯಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಅವರ ಮಾತನ್ನು ಪದಪದವಾಗಿ ಕನ್ನಡಕ್ಕೆ ತರುವಾಗ ಆ ಮಾತಿನೊಳಗೆ ಏನು ಅಡಗಿದೆ, ಏನು ಜಾರಿಹೋಗಿದೆ ಎಂಬುದು ಕಾಣಿಸುತ್ತದೆ. ಈ ಬರಹ ಹುಟ್ಟಿದ್ದು ಅಲ್ಲಿಂದ.

ಮೊದಲು ಪ್ರಾಣಿಯ ಪರಿಚಯ. ಎಲ್ಕನ್ನು ಕಡವೆ ಎಂದು ಅನುವಾದಿಸಿದರೆ ಕೆಲಸ ಸುಲಭ, ಆದರೆ ಅದು ಸುಳ್ಳು. ಯುರೋಪಿನಲ್ಲಿ ಎಲ್ಕ್ ಎಂದರೆ ಅಮೆರಿಕದವರು ಮೂಸ್ ಎನ್ನುವ ಪ್ರಾಣಿ. ಅಮೆರಿಕದ ಎಲ್ಕಿಗೆ ವಾಪಿಟಿ ಎಂಬ ಹೆಸರೂ ಇದೆ. ಅದು ಶಾನಿ ಜನರ ಭಾಷೆಯಿಂದ ಬಂದ ಪದ, ಪ್ರಾಣಿಯ ಬಿಳಿಯ ಹಿಂಭಾಗವನ್ನು ನೋಡಿ ಇಟ್ಟದ್ದು. ನಮ್ಮ ದೇಶದಲ್ಲಿ ಅದಕ್ಕೆ ಹತ್ತಿರದ ಬಂಧು ಕಾಶ್ಮೀರದ ಹಂಗುಲ್. ಹೆಣ್ಣು ಎಲ್ಕ್ ಸುಮಾರು 225 ಕಿಲೋ ತೂಗಿದರೆ ಗಂಡು 300 ಕಿಲೋ ಮೀರುತ್ತದೆ. ಕವಲೊಡೆದ ಕೊಂಬು ಗಂಡಿಗೆ ಮಾತ್ರ.

ಟ್ಯಾಗು ಎಂದರೆ ಒಂದು ಪ್ರಾಣಿಯನ್ನು ಕೊಲ್ಲಲು ರಾಜ್ಯ ಸರ್ಕಾರ ಕೊಡುವ ಪರವಾನಗಿ. ಯಾವ ಪ್ರದೇಶ, ಯಾವ ದಿನಗಳು, ಗಂಡೋ ಹೆಣ್ಣೋ, ಎಲ್ಲವೂ ಅದರಲ್ಲಿ ನಮೂದಾಗಿರುತ್ತದೆ. ಹೊಡೆದ ಪ್ರಾಣಿಗೆ ಅದನ್ನು ಲಗತ್ತಿಸಬೇಕು. ಕೊಲೊರಾಡೊದಲ್ಲಿ ಬಂದೂಕಿನ ಮುಖ್ಯ ಋತುಗಳು ನವೆಂಬರಿನಲ್ಲಿ ಮುಗಿದರೂ ಹೆಣ್ಣು ಎಲ್ಕಿನ ಕೆಲವು ಟ್ಯಾಗುಗಳು ಜನವರಿಯ ಕೊನೆಯವರೆಗೆ ನಡೆಯುತ್ತವೆ. ಮೊಂಟಾನಾದಲ್ಲಿ ಮುಖ್ಯ ಋತು ಐದು ವಾರ. ಅದರ ಆಚೀಚೆ, ಆಗಸ್ಟ್ 15ರಿಂದ ಫೆಬ್ರವರಿ 15ರ ನಡುವೆ, ಹೆಚ್ಚಾಗಿ ಖಾಸಗಿ ಜಮೀನುಗಳಲ್ಲಿ ಹೆಣ್ಣು ಎಲ್ಕನ್ನು ಹೊಡೆಯಲು ಅವಕಾಶ ಕೊಡುವ ಪದ್ಧತಿಯನ್ನು ಅಲ್ಲಿನ ವನ್ಯಜೀವಿ ಆಯೋಗ 2015ರಲ್ಲಿ ಒಪ್ಪಿತು.

ಇಷ್ಟು ತಡವಾಗಿ ಅವಕಾಶ ಕೊಡುವುದೇಕೆ? ಹಿಮ ಬಿದ್ದ ಮೇಲೆ ಎಲ್ಕ್ ಹಿಂಡುಗಳು ಬೆಟ್ಟ ಇಳಿದು ಕಣಿವೆಗೆ ಬರುತ್ತವೆ. ಕಣಿವೆಯಲ್ಲಿ ಇರುವುದು ದನ ಸಾಕುವವರ ಜಮೀನು. ಅಲ್ಲಿ ಚಳಿಗಾಲಕ್ಕೆಂದು ಒಟ್ಟಿದ ಹುಲ್ಲಿನ ಬಣವೆ. ನೂರಿನ್ನೂರು ಎಲ್ಕುಗಳು ರಾತ್ರಿ ಬೇಲಿ ಮುರಿದು ಬಣವೆಗೆ ಬಿದ್ದರೆ ಆ ರೈತನ ದನಗಳಿಗೆ ಫೆಬ್ರವರಿಯಲ್ಲಿ ಮೇವಿರುವುದಿಲ್ಲ. ಹಿಂಡು ಕಡಿಮೆಯಾಗಬೇಕಾದರೆ ಹೆಣ್ಣುಗಳು ಕಡಿಮೆಯಾಗಬೇಕು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವ ಜಾತಿಯಲ್ಲಿ ಎಷ್ಟು ಗಂಡು ಹೊಡೆದರೂ ಮುಂದಿನ ವರ್ಷದ ಮರಿಗಳ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ. ಹಾಗಾಗಿ ಕೊನೆಯ ಋತುವಿನ ಹೆಣ್ಣು ಟ್ಯಾಗು ಒಂದು ಕೆಲಸದ ಆದೇಶವಿದ್ದಂತೆ. ಅದನ್ನು ಲಾಟರಿ ಟಿಕೆಟ್ಟಿನಂತೆ ನೋಡಿದಾಗಲೇ "ಗಿಟ್ಟುತ್ತದೆಯೇ" ಎಂಬ ಪ್ರಶ್ನೆ ದಾರಿ ತಪ್ಪುವುದು.

ಶೇಕಡಾವಾರು ಲೆಕ್ಕವನ್ನೇ ನೋಡಿ. ಕೊಲೊರಾಡೊದಲ್ಲಿ ಎಲ್ಲ ಋತುಗಳನ್ನೂ ಸೇರಿಸಿದರೆ ಎಲ್ಕ್ ಬೇಟೆಗೆ ಹೋದ ಸುಮಾರು ಐವರಲ್ಲಿ ಒಬ್ಬರಿಗೆ ಪ್ರಾಣಿ ಸಿಗುತ್ತದೆ. ಈ ಅಂಕಿಯಲ್ಲಿ ಬಿಲ್ಲು ಹಿಡಿದವನೂ ಇದ್ದಾನೆ, ಕಾರಿನಿಂದ ಇಳಿಯದವನೂ ಇದ್ದಾನೆ, ಜಮೀನಿನವನ ಅನುಮತಿ ಪಡೆದು ಬಣವೆಯ ಪಕ್ಕ ಕಾದು ಕೂತವನೂ ಇದ್ದಾನೆ. ಚಳಿಗಾಲದಲ್ಲಂತೂ ಹಿಮ ತಡವಾದರೆ ಹಿಂಡು ಕೆಳಗೇ ಬರುವುದಿಲ್ಲ. ಬೇಗ ಬಂದರೆ ನೂರಾರು ಒಟ್ಟಿಗೆ ಬರುತ್ತವೆ. ಹೋದ ವರ್ಷದ ಶೇಕಡಾವಾರು ಹೋದ ವರ್ಷದ ಹಿಮದ ಲೆಕ್ಕ. ಅದನ್ನು ನಂಬಿ ದುಡ್ಡು ಕಟ್ಟುವುದು ಹೋದ ವರ್ಷದ ಮಳೆ ನೋಡಿ ಈ ವರ್ಷ ಬಿತ್ತಿದಂತೆ.

ಇನ್ನು ದುಡ್ಡಿನ ಲೆಕ್ಕ. ಹೊರರಾಜ್ಯದವನಿಗೆ ಟ್ಯಾಗಿಗೇ ನೂರಾರು ಡಾಲರು. ಅದರ ಮೇಲೆ ಪ್ರಯಾಣ, ವಸತಿ, ಮಾಂಸ ಕಡಿಸುವ ಕೂಲಿ. ಹೆಣ್ಣು ಎಲ್ಕಿನಿಂದ ಮೂಳೆ ಬಿಡಿಸಿದ ಮಾಂಸ 60ರಿಂದ 70 ಕಿಲೋ ಸಿಗಬಹುದು. ಕಾಡಿನ ಎಲ್ಕಿನ ಮಾಂಸವನ್ನು ಮಾರುವಂತಿಲ್ಲ. ತಿನ್ನಬೇಕು, ಇಲ್ಲವೇ ಹಂಚಬೇಕು. ಕಾಸಿಗೆ ತಕ್ಕ ಕಜ್ಜಾಯ ಬೇಕೆನ್ನುವವರು ಅಂಗಡಿಯಲ್ಲಿ ಮಾಂಸ ಕೊಳ್ಳುವುದೇ ವಾಸಿ. ಕಣಿವೆಯ ಊರಿನಲ್ಲೇ ಇರುವವನಿಗೆ, ಆ ಮಾಂಸವನ್ನೇ ವರ್ಷಪೂರ್ತಿ ಉಣ್ಣುವ ಮನೆಗೆ ಈ ಲೆಕ್ಕ ಬೇರೆ. ಆದ್ದರಿಂದ ನನ್ನ ಮೊದಲ ಮಾತು: ದೂರದಿಂದ ವಿಮಾನ ಹತ್ತಿ ಬರುವವರು ಈ ಟ್ಯಾಗನ್ನು ಊರವರಿಗೆ ಬಿಡಿ.

ಇಲ್ಲಿ ಜಮೀನ್ದಾರರಿಗೂ ಎರಡು ಮಾತು ಹೇಳಬೇಕು. ಮೊಂಟಾನಾದ ಸಾಮಾನ್ಯ ಬೇಟೆಗಾರರ ಹಳೆಯ ಸಿಟ್ಟು ಇದು: ಅಕ್ಟೋಬರಿನಲ್ಲಿ ಕೆಲವು ದೊಡ್ಡ ಜಮೀನಿನವರು ಗೇಟಿಗೆ ಬೀಗ ಹಾಕುತ್ತಾರೆ. ದೊಡ್ಡ ಕೊಂಬಿನ ಗಂಡುಗಳನ್ನು ಹೊಡೆಯುವ ಅವಕಾಶವನ್ನು ಸಾವಿರಾರು ಡಾಲರಿಗೆ ಮಾರುತ್ತಾರೆ. ಗುಂಡಿನ ಸದ್ದಿಲ್ಲದ ಜಾಗ ಯಾವುದೆಂದು ಹೆಣ್ಣುಗಳು ಬೇಗ ಕಲಿಯುತ್ತವೆ, ಅಲ್ಲೇ ಸೇರುತ್ತವೆ. ಜನವರಿ ಬಂದಾಗ ಅದೇ ಮಾಲೀಕರು, ಬಣವೆ ಹೋಯಿತು, ಬಂದು ಹೆಣ್ಣುಗಳನ್ನು ಹೊಡೆಯಿರಿ ಎನ್ನುತ್ತಾರೆ. ಕೊಂಬು ಕಾಸು ಕೊಟ್ಟವನಿಗೆ, ಕೊರೆವ ಚಳಿ ಊರವನಿಗೆ. ಇಂಥ ಗೇಟಿನೊಳಗೆ ಹೋಗಲು ದುಡ್ಡು ಕೊಟ್ಟು ಟ್ಯಾಗು ಕೊಳ್ಳುವುದು ಬಿಟ್ಟಿ ಚಾಕರಿ. ಶರತ್ಕಾಲದಲ್ಲೂ ಊರವರಿಗೆ ಬಾಗಿಲು ತೆರೆಯುವ ರೈತರಿದ್ದಾರೆ. ಅವರ ಬಣವೆ ಕಾಯಲು ಹೋಗುವುದು ನ್ಯಾಯ. ಟ್ಯಾಗು ಕೊಳ್ಳುವ ಮೊದಲೇ ಫೋನ್ ಮಾಡಿ ಅನುಮತಿ ಕೇಳಬೇಕು. ಅನುಮತಿಯಿಲ್ಲದ ಖಾಸಗಿ ಜಮೀನಿನ ಟ್ಯಾಗು ಬರೀ ಕಾಗದ.

ಈಗ ನಮ್ಮ ಕಡೆಯಿಂದ ಬರುವ ಆಕ್ಷೇಪ. ಹಾಸನದಲ್ಲಿರುವ ನನ್ನ ಸೋದರತ್ತೆಯ ಮಗ ಕೊಲೊರಾಡೊದಲ್ಲಿ ನೆಲೆಸಿದ್ದಾನೆ. ಬೇಟೆಯ ತರಬೇತಿ ಮುಗಿಸಿ ಈ ಬಾರಿ ಹೆಣ್ಣು ಟ್ಯಾಗು ಪಡೆಯಬೇಕೆಂದಿದ್ದಾನೆ. ಅತ್ತೆ ಫೋನಿನಲ್ಲಿ ಅತ್ತುಬಿಟ್ಟರು. "ಗಬ್ಬದ ಪ್ರಾಣಿನ ಕೊಲ್ತಾನಂತೆ ಕಣೇ. ನೀನಾದ್ರೂ ಬುದ್ಧಿ ಹೇಳೇ." ಈ ಸಂಕಟವನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಅದನ್ನು ಪೂರ್ತಿಯಾಗಿ ನೋಡಬೇಕು. ಎಲ್ಕುಗಳು ಕೂಡುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮರಿ ಹಾಕುವುದು ಮೇ ಕೊನೆ, ಜೂನಿನಲ್ಲಿ. ಅಂದರೆ ನವೆಂಬರಿನಲ್ಲಿ ಬಿದ್ದ ಹೆಣ್ಣುಗಳಲ್ಲೂ ಬಹುಪಾಲು ಗಬ್ಬದವೇ. ಆಗ ಭ್ರೂಣ ಸಣ್ಣದು, ಕಣ್ಣಿಗೆ ಬೀಳುವುದಿಲ್ಲ. ಜನವರಿಯಲ್ಲಿ ಹೊಟ್ಟೆ ಬಗೆದಾಗ ಕಾಣುತ್ತದೆ. ಕಾಣದ್ದು ಪಾಪವಲ್ಲ, ಕಂಡದ್ದು ಪಾಪ ಎಂಬ ನೀತಿ ನನಗೆ ಒಪ್ಪಿಗೆಯಿಲ್ಲ. ಹೆಣ್ಣು ಎಲ್ಕನ್ನು ಕೊಲ್ಲುವುದು ತಪ್ಪಾದರೆ ನವೆಂಬರಿನಲ್ಲೂ ತಪ್ಪು. ಕೊಲ್ಲಲೇಬೇಕಾದ ಕಾರಣ ಇದ್ದರೆ, ಕೊಲ್ಲುವವನು ಆ ಹೊಟ್ಟೆಯೊಳಗನ್ನು ಕಣ್ಣಾರೆ ಕಾಣಲಿ. ಚಳಿಗಾಲದ ಟ್ಯಾಗು ಅಷ್ಟರಮಟ್ಟಿಗೆ ಹೆಚ್ಚು ಪ್ರಾಮಾಣಿಕ.

ಇದೇ ಕಾರಣಕ್ಕೆ ಒಂದು ಪದದ ಮೇಲೆ ನನಗೆ ಜಗಳ. ಅಲ್ಲಿನ ಇಲಾಖೆಗಳ ವರದಿಗಳಲ್ಲಿ ಎಲ್ಕ್ ಸಾಯುವುದಿಲ್ಲ, 'ಹಾರ್ವೆಸ್ಟ್' ಆಗುತ್ತದೆ. ಕನ್ನಡಕ್ಕೆ ತಂದರೆ ಕೊಯ್ಲು. ಹೆಣ್ಣು ಎಲ್ಕ್ ಕೊಯ್ಲು ಮಾಡಿದೆ ಎಂದು ಬರೆದರೆ ನಮ್ಮವರು ನಗುತ್ತಾರೆ. ರಾಗಿ ಕೊಯ್ಯಬಹುದು, ಉಸಿರಾಡುವುದನ್ನು ಕೊಲ್ಲಬೇಕು. ನನ್ನ ಸಬ್‌ಟೈಟಲುಗಳಲ್ಲಿ ಪ್ರತಿಬಾರಿ 'ಕೊಂದರು' ಎಂದೇ ಬರೆಯುತ್ತೇನೆ. ಕೊಯ್ಲಿಗೆ ಲಾಭನಷ್ಟದ ಲೆಕ್ಕ ಸಾಕು. ಕೊಲ್ಲುವುದಕ್ಕೆ ಕಾರಣ ಕೊಡಬೇಕು.

ಕಾರಣ ಯಾವಾಗ ಸಾಲುವುದಿಲ್ಲ ಎಂಬುದಕ್ಕೂ ಚರಿತ್ರೆಯಿದೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಉತ್ತರದಂಚಿನಲ್ಲಿ, ಗಾರ್ಡಿನರ್ ಎಂಬ ಊರಿನ ಬಳಿ, 1976ರಿಂದ ಚಳಿಗಾಲದ ಬೇಟೆ ನಡೆಯುತ್ತಿತ್ತು. ಉದ್ಯಾನದಿಂದ ಇಳಿದು ಬರುವ ಹಿಂಡನ್ನು ತಗ್ಗಿಸುವುದು ಅದರ ಉದ್ದೇಶ. 1990ರ ದಶಕದ ಮೊದಲ ಭಾಗದಲ್ಲಿ ಹಿಂಡು ಸುಮಾರು 19,000ಕ್ಕೆ ಏರಿದ್ದಾಗ ಅದಕ್ಕೆ ಅರ್ಥವಿತ್ತು. 1995ರಲ್ಲಿ ತೋಳಗಳನ್ನು ಮರಳಿ ತಂದು ಬಿಟ್ಟರು. ಕರಡಿಗಳಿದ್ದವು, ಕಠಿಣ ಚಳಿಗಾಲಗಳು, ಬರಗಾಲ ಬಂದವು. ಹಿಂಡು ಕುಸಿಯತೊಡಗಿದರೂ ಬೇಟೆ ವರ್ಷಗಟ್ಟಲೆ ಮುಂದುವರಿಯಿತು. ತೋಳಗಳು ಹೆಚ್ಚಾಗಿ ಹಿಡಿಯುತ್ತಿದ್ದುದು ಮರಿಗಳನ್ನು, ಮುದಿಯಾದವನ್ನು. ಬೇಟೆಗಾರರು ಹೊಡೆಯುತ್ತಿದ್ದುದು ವರ್ಷವರ್ಷ ಮರಿ ಹಾಕಬಲ್ಲ ಪ್ರಾಯದ ಹೆಣ್ಣುಗಳನ್ನು. ಪರವಾನಗಿಗಳನ್ನು ಕಡಿತಗೊಳಿಸುತ್ತ ಬಂದು 2010ರ ಹೊತ್ತಿಗೆ ಆ ಬೇಟೆಯನ್ನು ನಿಲ್ಲಿಸಿದರು. 2013ರ ಎಣಿಕೆಯಲ್ಲಿ ಹಿಂಡು 4,000ಕ್ಕಿಂತ ಕಡಿಮೆಯಿತ್ತು. ಎಲ್ಲ ದೋಷವನ್ನೂ ತೋಳದ ತಲೆಗೆ ಕಟ್ಟುವವರು ಬಂದೂಕಿನ ಪಾಲನ್ನು ಮರೆಯುತ್ತಾರೆ. ಹೆಣ್ಣು ಟ್ಯಾಗಿನ ಶಕ್ತಿಯೇ ಅದರ ಅಪಾಯ. ಹಿಂಡನ್ನು ನಿಜಕ್ಕೂ ತಗ್ಗಿಸುತ್ತದೆ ಎಂಬುದರಿಂದಲೇ, ತಗ್ಗಿಸಬೇಕಿಲ್ಲದ ಕಡೆ ಅದನ್ನು ಮುಟ್ಟಬಾರದು.

ಗಂಡು ಟ್ಯಾಗಿನ ಬಗ್ಗೆ ನನ್ನ ನಿಲುವು ಇನ್ನೂ ಕಟ್ಟುನಿಟ್ಟು. ಸೆಪ್ಟೆಂಬರಿನ ಕೂಡುವ ಕಾಲದಲ್ಲಿ ಗಂಡು ಎಲ್ಕ್ ಮೇವು ಮರೆತು ಕಾದಾಡುತ್ತದೆ, ಮೈಯ ಕೊಬ್ಬನ್ನೆಲ್ಲ ಕಳೆದುಕೊಂಡು ಚಳಿಗಾಲಕ್ಕೆ ಕಾಲಿಡುತ್ತದೆ. ಕೊಂಬು ಉದುರುವುದು ಮಾರ್ಚಿನ ಹೊತ್ತಿಗಾದ್ದರಿಂದ ಡಿಸೆಂಬರಿನಲ್ಲೂ ಗೋಡೆಗೆ ನೇತುಹಾಕುವ ಕೊಂಬು ತಲೆಯ ಮೇಲೆ ಇರುತ್ತದೆ. ಸೊರಗಿದ ಮೈ ಹೊತ್ತು ಹಿಮದಲ್ಲಿ ಉಸಿರು ಉಳಿಸಿಕೊಳ್ಳುತ್ತಿರುವ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದರಿಂದ ಹಿಂಡು ತಗ್ಗುವುದಿಲ್ಲ, ಬಣವೆ ಉಳಿಯುವುದಿಲ್ಲ, ಮಾಂಸವೂ ಸಪ್ಪೆ. ಇದು ಗೋಡೆಯ ಅಲಂಕಾರಕ್ಕೆ ಮಾಡಿದ ಕೊಲೆ.

ಹೆಣ್ಣು ಟ್ಯಾಗು ಪಡೆಯಲು ಹೊರಟವರು ಮೂರು ಪ್ರಶ್ನೆ ಕೇಳಿಕೊಳ್ಳಲಿ. ಆ ಪ್ರದೇಶದಲ್ಲಿ ಹಿಂಡು ಇಲಾಖೆ ಗೊತ್ತುಮಾಡಿದ ಸಂಖ್ಯೆಯನ್ನು ಮೀರಿದೆಯೇ? ಇದು ಇಲಾಖೆಯ ದಾಖಲೆಗಳಲ್ಲಿ ಸಿಗುತ್ತದೆ. ಹೋಗಲು ಬಾಗಿಲು ತೆರೆದಿದೆಯೇ? ಇದು ಜಮೀನಿನವನ ಬಾಯಿಂದಲೇ ಬರಬೇಕು. ದೊಡ್ಡ ಹಿಂಡು ಎದುರಿಗಿದ್ದಾಗ ಗುಂಡು ಹಾರಿಸದೆ ಇರುವ ಸಂಯಮ ನನಗಿದೆಯೇ? ಮೂರನೆಯದು ಅತಿ ಕಷ್ಟ. ಇನ್ನೂರು ಪ್ರಾಣಿ ಒತ್ತಾಗಿ ನಿಂತಾಗ ಒಂದರ ಮೈ ತೂರಿದ ಗುಂಡು ಹಿಂದಿನದಕ್ಕೂ ತಾಗುತ್ತದೆ. ಒಂದು ಟ್ಯಾಗು, ಎರಡು ಸಾವು. ಎರಡನೆಯದು ಗಾಯಗೊಂಡು ಎಲ್ಲೋ ಹಿಮದಲ್ಲಿ ಬೀಳುತ್ತದೆ. ಹಗಲು ಒಂಬತ್ತೂವರೆ ಗಂಟೆಯಷ್ಟೇ ಇರುವ ಡಿಸೆಂಬರಿನಲ್ಲಿ ಸಂಜೆ ಗುಂಡು ಹಾರಿಸಿ ಕತ್ತಲಲ್ಲಿ ರಕ್ತದ ಜಾಡು ಹುಡುಕುವುದು ಬೇಟೆಯಲ್ಲ. ಪ್ರಾಣಿ ಒಂಟಿಯಾಗಿ ನಿಲ್ಲದಿದ್ದರೆ ಬರಿಗೈಯಲ್ಲಿ ವಾಪಸಾಗಬೇಕು. ಟ್ಯಾಗಿನ ದುಡ್ಡು ಹೋದರೆ ಹೋಗಲಿ.

ಮಾಂಸವನ್ನು ತಿನ್ನುವ ಮುಂಚೆ ಪರೀಕ್ಷೆಗೂ ಕಳುಹಿಸಬೇಕು. ಜಿಂಕೆ, ಎಲ್ಕುಗಳ ಮಿದುಳನ್ನು ತೂತುತೂತು ಮಾಡಿ ಕೊಲ್ಲುವ, ಮದ್ದಿಲ್ಲದ ಒಂದು ರೋಗ ಮೊದಲು ಕಂಡದ್ದು 1967ರಲ್ಲಿ, ಕೊಲೊರಾಡೊದ ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಜಿಂಕೆಗಳಲ್ಲಿ. ವಯೋಮಿಂಗಿನ ಗ್ರಾಂಡ್ ಟೀಟನ್ ಉದ್ಯಾನದ ಎಲ್ಕಿನಲ್ಲಿ ಅದು ಮೊದಲ ಬಾರಿ ಪತ್ತೆಯಾದದ್ದು 2020ರ ಡಿಸೆಂಬರಿನಲ್ಲಿ. ಪತ್ತೆಯಾದದ್ದು ಹೇಗೆ? ಬೇಟೆಗಾರರೊಬ್ಬರು ಹೊಡೆದ ಹೆಣ್ಣು ಎಲ್ಕಿನ ಮಾದರಿಯಿಂದ. ಚಳಿಗಾಲದ ಹೆಣ್ಣು ಟ್ಯಾಗು ಹೀಗೆ ಕಾಡಿನ ಆರೋಗ್ಯದ ಕಾವಲೂ ಹೌದು.

ಇದನ್ನೆಲ್ಲ ಓದಿ, ಹಾಗಾದರೆ ಕರ್ನಾಟಕದಲ್ಲೂ ಟ್ಯಾಗು ಕೊಡಿ ಎನ್ನುತ್ತೀರಾ ಎಂದು ಕೇಳುವವರಿಗೆ: ಇಲ್ಲ. ನಮ್ಮ ಕಾಡು ತುಂಡುತುಂಡಾಗಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಳಿಸಿದ್ದನ್ನು ಕಳೆಯಬಾರದು. ಆದರೆ ನಮ್ಮಲ್ಲಿ ಕೊಲ್ಲುವುದು ನಿಂತಿದೆ ಎಂಬ ಭ್ರಮೆಯೂ ಬೇಡ. ತೋಟದಂಚಿನಲ್ಲಿ ಹಂದಿಗೆ ಕಟ್ಟಿದ ಉರುಳಿಗೆ ಚಿರತೆ ಬೀಳುತ್ತದೆ, ಬೇಲಿಗೆ ಹರಿಸಿದ ವಿದ್ಯುತ್ತಿಗೆ ಆನೆ ಸಾಯುತ್ತದೆ. ಆ ಸಾವುಗಳಿಗೆ ಯಾರ ಹೆಸರೂ ಇರುವುದಿಲ್ಲ.

ಎಲ್ಕ್ ಟ್ಯಾಗಿನ ನಿಜವಾದ ಬೆಲೆ ನನಗೆ ಕಾಣುವುದು ಅಲ್ಲಿ. ಈ ಪ್ರಾಣಿಯನ್ನು ಇಂಥ ದಿನ, ಇಂಥ ಕಡೆ, ನಾನು ಕೊಂದೆ ಎಂದು ಹೆಸರು ಸಮೇತ ಒಪ್ಪಿಕೊಳ್ಳುವ ಕಾಗದ ಅದು. ಹಿಂಡು ಹೆಚ್ಚಿದ್ದು, ರೈತ ಕರೆದಿದ್ದು, ಮಾಂಸ ತಿನ್ನುವ ಮನೆ ಇದ್ದು, ಕೊಂಬಿನ ಆಸೆ ಇಲ್ಲದಿದ್ದರೆ ಚಳಿಗಾಲದ ಹೆಣ್ಣು ಟ್ಯಾಗನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಇವುಗಳಲ್ಲಿ ಒಂದು ತಪ್ಪಿದರೂ ಅರ್ಜಿ ಹಾಕಬೇಡಿ. ಶೇಕಡಾ ನೂರು ಸಿಕ್ಕೇ ಸಿಗುತ್ತದೆ ಎಂದರೂ ಸರಿಯೇ.