ಕಂದಿದ್ದೆಲ್ಲ ಪುರಾತನವಲ್ಲ

ಚಾಮರಾಜಪೇಟೆಯಲ್ಲಿ ನಮ್ಮ ಬಂಧುಗಳು ಹಳೆಯ ಮನೆಯನ್ನು ತೆರವು ಮಾಡುವಾಗ ಕಂಡದ್ದನ್ನು ಬರೆಯದೆ ಇರಲಾರೆ. ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ಒಂದು ಲೇಸು. ಇನ್ನೂರು ವರ್ಷದ ಹಿಂದಿನ ಕೈಕೆಲಸವೆಂದು ಅಂಗಡಿಯವನು ಹೇಳಿ ಮಾರಿದ್ದನಂತೆ. ಟ್ರಂಕಿನಲ್ಲಿದ್ದ ಅಜ್ಜಿಯ ಕ್ರೋಶಾ ದಿಂಬಿನಂಚುಗಳು ಮಾತ್ರ ಹಳೆಬಟ್ಟೆಯ ಗಂಟು ಸೇರಿ ಕಸಕ್ಕೆ ಹೊರಡಲು ಸಿದ್ಧವಾಗಿದ್ದವು.

ಪ್ರಿಯ ಶಿಷ್ಯರೇ, ಭೂತಗನ್ನಡಿ ಹಿಡಿದು ಐದು ನಿಮಿಷ ನೋಡುವ ತಾಳ್ಮೆಯಿಲ್ಲದವರು ಪರಂಪರೆಯ ಮಾತನ್ನು ಆಡಬಾರದು. ಚೌಕಟ್ಟಿನೊಳಗಿನದು ಯಂತ್ರದ್ದೆಂದು ಅದರ ಅಂಚೇ ಸಾರುತ್ತಿತ್ತು: ಅಂಚಿನುದ್ದಕ್ಕೂ ನವಿರಾದ ರೋಮ, ಪ್ರತಿ ಹೂವಿನಲ್ಲಿಯೂ ಅದೇ ಸ್ಥಳದಲ್ಲಿ ಅದೇ ತಪ್ಪು. ಕೈ ತಪ್ಪುವುದುಂಟು, ಆದರೆ ನೂರು ಸಲ ಒಂದೇ ರೀತಿ ತಪ್ಪುವುದಿಲ್ಲ. ಬಟ್ಟೆಯ ಮೇಲೆ ಯಂತ್ರದಿಂದ ಕಸೂತಿ ಹಾಕಿ, ಆಮೇಲೆ ಬಟ್ಟೆಯನ್ನು ಕರಗಿಸಿ ಕಸೂತಿಯನ್ನಷ್ಟೇ ಉಳಿಸುವ ಈ ‘ರಾಸಾಯನಿಕ ಲೇಸು’ ಯೂರೋಪಿನಲ್ಲಿ ಹುಟ್ಟಿದ್ದೇ 1880ರ ದಶಕದಲ್ಲಿ. ಇನ್ನೂರು ವರ್ಷ ಎಲ್ಲಿಂದ ಬಂತು? ಬಣ್ಣ ಕಂದಿದೆಯೆಂದರು. ಚಹಾದ ನೀರಿನಲ್ಲಿ ಅದ್ದಿದರೆ ನಿನ್ನೆಯದೂ ಕಂದುತ್ತದೆ.

ಇನ್ನು ಕಸಕ್ಕೆ ಹೊರಟ ಗಂಟು. ಕ್ರೋಶಾ ಎಂದರೆ ಒಂದೇ ಕೊಕ್ಕೆಕಡ್ಡಿಯಿಂದ ಕುಣಿಕೆಯೊಳಗೆ ಕುಣಿಕೆ ಎಳೆಯುವ ಕೆಲಸ. ಅದನ್ನು ಹೋಲುವುದನ್ನು ಕಾರ್ಖಾನೆಗಳು ಹೆಣೆಯುತ್ತವೆ, ಅದನ್ನೇ ಹೆಣೆಯಲಾರವು. ಆದ್ದರಿಂದ ಅದು ಕೈಯದೆನ್ನುವುದರಲ್ಲಿ ಸಂಶಯವಿಲ್ಲ. ಕಾಲ ಹೇಳುವುದು ಮಾತ್ರ ಕಷ್ಟ. ಒಂದು ದಿಂಬಿನ ಚೀಲದ ಮೇಲೆ ಬಿನ್ನಿ ಮಿಲ್ಲಿನ ಮಾಸಿದ ಮುದ್ರೆಯಿತ್ತು. ಅದು ಬಟ್ಟೆಯ ಕಾಲ, ಲೇಸಿನದಲ್ಲ. ಲೇಸಿನ ಅಂಚಿನಲ್ಲಿ ಬೇರೆ ಬಣ್ಣದ ದಾರದ ತುಣುಕುಗಳು ಸಿಕ್ಕಿಕೊಂಡಿದ್ದವು: ಹರಿದ ಬಟ್ಟೆಯಿಂದ ಬಿಚ್ಚಿ ಹೊಸದಕ್ಕೆ ಹೊಲಿದದ್ದು, ಬಹುಶಃ ಎರಡು ಸಲ. ನಮ್ಮ ಹೆಂಗಸರು ಬಟ್ಟೆಯನ್ನು ಬಿಸುಟರೂ ಲೇಸನ್ನು ಬಿಸುಡುತ್ತಿರಲಿಲ್ಲ. ಬಿಸುಡಲು ನಾವು ಹುಟ್ಟಬೇಕಾಯಿತು!

ನಾಗರಕೋಯಿಲಿನ, ನರಸಾಪುರದ ಲೇಸಿಗೆ ಚರಿತ್ರೆಯಿದೆ. ಅಲ್ಲಿ ಮಿಷನರಿಗಳು ಬರೆದಿಟ್ಟರು, ವ್ಯಾಪಾರಿಗಳು ಲೆಕ್ಕವಿಟ್ಟರು. ನಮ್ಮ ನಡುಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೆಣೆದದ್ದಕ್ಕೆ ಲೆಕ್ಕವನ್ನು ಯಾರು ಇಟ್ಟರು? ಮಾರಾಟಕ್ಕಲ್ಲದ್ದು ಕೆಲಸವೇ ಅಲ್ಲವೆಂದು ನಾವೇ ತೀರ್ಮಾನಿಸಿದೆವು. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಕೇಳಿ, ಹೆಣೆದವರ ಹೆಸರನ್ನೂ ವರ್ಷವನ್ನೂ ಒಂದು ಬಟ್ಟೆಯ ಚೂರಿನ ಮೇಲೆ ಬರೆದು ಲೇಸಿಗೆ ಹೊಲಿಯಿರಿ.

ಆ ಗಂಟು ಈಗ ನಮ್ಮ ಮನೆಯಲ್ಲಿದೆ. ಅದರಲ್ಲಿ ಅರ್ಧಕ್ಕೇ ನಿಂತ ಒಂದು ನವಿಲಿದೆ, ಕೊನೆಯ ಕುಣಿಕೆಗೆ ಪಿನ್ನು ಹಾಕಿದೆ. ಯಾರದೆಂದು ಬಲ್ಲ ಬಂಧುಗಳು ದಯವಿಟ್ಟು ಬಂದು ಹೇಳಿ.