ಸಿಂಕಿನಡಿಯ ಕಪಾಟಿನಿಂದ ಕೆರೆಯವರೆಗೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಬೂದಿ, ಅಂಟುವಾಳ ಹಾಕಿ ಪಾತ್ರೆ ತೊಳೆದ ನೀರು ಹಿತ್ತಿಲಿನ ಬಾಳೆ, ಕೆಸುವಿನ ಬುಡ ಸೇರುತ್ತಿತ್ತು. ಇಂದು ಅಡುಗೆಮನೆಗೆ ಸಿಂಕು ಬಂದಿದೆ. ಅದರಡಿಯ ಕಪಾಟಿನಲ್ಲಿ ಫಿನಾಯಿಲು, ಬ್ಲೀಚಿಂಗ್ ಪುಡಿ, ಆಸಿಡ್, ಜಿರಳೆ ಔಷಧಿಗಳು ತುಂಬಿವೆ. ಕೆಲವೆಡೆ ಅಡಿಕೆಯ ಕೊಳೆರೋಗಕ್ಕೆಂದು ತಂದು ಮಿಕ್ಕ ಮೈಲುತುತ್ತವೂ ಅಲ್ಲಿಯೇ ಇರುತ್ತದೆ.

ಈ ಕಪಾಟನ್ನು ಅಣಿಗೊಳಿಸುವುದು ಕೇವಲ ಅಂದಕ್ಕಾಗಿ ಅಲ್ಲ. ಬ್ಲೀಚಿಂಗ್ ಪುಡಿಗೆ ಆಸಿಡ್ ತಾಗಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಹೊಮ್ಮುತ್ತದೆ, ಎರಡನ್ನೂ ದೂರದೂರವಿಡಿ. ಪೈಪು ಸೋರುವಲ್ಲಿ ಪುಡಿಗಳು ಬೇಡ. ಯಾವ ರಾಸಾಯನಿಕವನ್ನೂ ಕುಡಿಯುವ ನೀರಿನ ಬಾಟಲಿಗೆ ತುಂಬಬೇಡಿ. ಮೈಲುತುತ್ತದ ನೀಲಿ ಹರಳು ಮಕ್ಕಳ ಕಣ್ಣನ್ನು ಸೆಳೆಯುತ್ತದೆ. ಅದೂ ಕೀಟನಾಶಕಗಳೂ ಮನೆಯ ಹೊರಗೆ, ಬೀಗದೊಳಗಿರಲಿ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ ಎಂಡೋಸಲ್ಫಾನ್‌ನ ಹಳೆಯ ಡಬ್ಬಿ ಇನ್ನೂ ಮೂಲೆಯಲ್ಲಿದ್ದರೆ ಕೃಷಿ ಇಲಾಖೆಯವರಿಗೆ ತಿಳಿಸಿ.

ಬೇಡವಾದುದನ್ನು ಸಿಂಕಿಗೆ ಸುರಿದರೆ ಅದು ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಇಳಿಯುತ್ತದೆ. ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮದ ವಿಸ್ತೀರ್ಣ ಸುಮಾರು 2.23 ಚದರ ಕಿ.ಮೀ. ಮಾತ್ರ. ಅಲ್ಲಿಯ ಜಲಾಶಯವನ್ನು ನಂಬಿ ನೀರುಕಾಗೆ, ಚಮಚಕೊಕ್ಕಿನ ಹಕ್ಕಿಗಳು ಬರುತ್ತವೆ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ಮಾರಕ. ಫಾಸ್ಫೇಟುಳ್ಳ ಮಾರ್ಜಕ ಪಾಚಿಯನ್ನು ಬೆಳೆಸಿ ನೀರಿನ ಆಮ್ಲಜನಕವನ್ನು ಕುಗ್ಗಿಸುತ್ತದೆ. ಮೀನಿಲ್ಲದ ನೀರಿಗೆ ಮೀನು ತಿನ್ನುವ ಹಕ್ಕಿ ಏಕೆ ಬಂದೀತು?

ಆದ್ದರಿಂದ ಕಪಾಟು ತೆರೆದು ಒಂದೊಂದೇ ಡಬ್ಬಿಯನ್ನು ಹೊರಗಿಟ್ಟು ನೋಡೋಣ. ಸಾಬೂನು, ಅಡುಗೆಸೋಡಾ, ಹುಣಸೆ, ಅಂಟುವಾಳಗಳಿಂದ ದಿನದ ಕೆಲಸ ಬಹುಮಟ್ಟಿಗೆ ಸಾಗುತ್ತದೆ. ಉಳಿದುದನ್ನು ಬೇಕಾದಷ್ಟೇ ಕೊಳ್ಳೋಣ.